ಬಳ್ಳಾರಿಯ ಗುಡ್ಡ, ಬೋಳೂರಿನ ಬತ್ತೇರಿ

ಬಳ್ಳಾರಿ ಕೋಟೆ ಹತ್ತಿದವರಿಗೆ ಕುಂಬಾರ ಗುಡ್ಡದ ಕಥೆ ಗೊತ್ತಿರುತ್ತದೆ. ಹೈದರಾಲಿ ಫ್ರೆಂಚ್ ಇಂಜಿನಿಯರ್ ಒಬ್ಬನಿಂದ ಕೋಟೆ ಕಟ್ಟಿಸಿದನಂತೆ, ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇದೆ ಅಂತ ಆಮೇಲೆ ಗೊತ್ತಾಗಿ ಅವನನ್ನು ಗಲ್ಲಿಗೇರಿಸಿದನಂತೆ. ಇದು ಜನರ ಬಾಯಲ್ಲಿ ಉಳಿದ ಕಥೆ. ಆದರೆ ಅದರೊಳಗಿನ ಲೆಕ್ಕ ಪಕ್ಕಾ: ಎತ್ತರದಲ್ಲಿ ಫಿರಂಗಿ ಇಟ್ಟವನ ಗುಂಡು ಜಾಸ್ತಿ ದೂರ ಹೋಗುತ್ತದೆ, ಕೆಳಗಿನವರು ಎಲ್ಲಿದ್ದಾರೆ ಅನ್ನೋದೂ ಅವನಿಗೆ ಕಾಣುತ್ತದೆ.

ಈ ಕಥೆ ಕೇಳಿ ಬೆಳೆದ ನನಗೆ ಮಂಗಳೂರಿನ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ನೋಡಿ ಆಶ್ಚರ್ಯ ಆಯಿತು. 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಗುಡ್ಡದ ಮೇಲಿಲ್ಲ, ಗುರುಪುರ ನದಿಯ ದಡದಲ್ಲೇ ಕೂತಿದೆ! ಬತ್ತೇರಿ ಅಂದರೆ ಫಿರಂಗಿ ಇಡುವ ಜಾಗ, ಇಂಗ್ಲಿಷಿನ ಬ್ಯಾಟರಿಯೇ ನಮ್ಮ ಬಾಯಲ್ಲಿ ಹೀಗಾಗಿದೆ.

ಎತ್ತರ ಯಾಕೆ ಬೇಡವಾಯಿತು? ಇಲ್ಲಿ ಗುರಿ ಹಡಗು. ನದಿಯೊಳಗೆ ಬರುವ ಹಾಯಿಹಡಗು ನಿಧಾನವಾಗಿಯೇ ಬರಬೇಕು, ಹೊರಳಲು ಜಾಗ ಕಡಿಮೆ. ತಗ್ಗಿನಿಂದ ಹಾರಿದ ಗುಂಡು ನೀರಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗಿ ಹಡಗಿನ ಪಕ್ಕೆಗೇ ಬಡಿಯುತ್ತದೆ, ಸ್ವಲ್ಪ ಮುಂಚೆ ಬಿದ್ದರೂ ನಾವು ಕೆರೆಯಲ್ಲಿ ಚಪ್ಪಟೆ ಕಲ್ಲು ಎಸೆದಾಗ ಆಗುವ ಹಾಗೆ ನೀರ ಮೇಲೆ ಪುಟಿದು ಮುಂದೆ ಹೋಗುತ್ತದೆ. ತುಂಬಾ ಮೇಲಿಂದ ಹೊಡೆದರೆ ಗುಂಡು ಸೀದಾ ನೀರಿಗಿಳಿದು ಮುಳುಗುತ್ತದೆ.

ಅಲ್ಲಿ ನಾನು ಜಾಸ್ತಿ ಹೊತ್ತು ನೋಡಿದ್ದು ಕಲ್ಲಿನ ಸಂದಿಗಳನ್ನು. ಕರಿಕಲ್ಲು ಗಟ್ಟಿ, ನಡುವಿನ ಗಾರೆ ಮೆತ್ತಗೆ. ಸಮುದ್ರದ ಗಾಳಿ ತರುವ ಉಪ್ಪು ತೇವದ ಜೊತೆ ಗಾರೆಯ ಸಣ್ಣ ತೂತುಗಳಿಗೆ ಇಳಿಯುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಒಳಗೇ ಹರಳಾಗುತ್ತದೆ. ಹರಳು ಬೆಳೆಯುತ್ತಾ ಸುತ್ತಲಿನ ಗಾರೆಯನ್ನು ಒಡೆಯುತ್ತದೆ. ಸುಮ್ನೆ ಬೆರಳಾಡಿಸಿದರೆ ಪುಡಿ ಉದುರುತ್ತದೆ. ಅದಕ್ಕೇ ಹಳೆ ಗೋಡೆಗೆ ಸಿಮೆಂಟ್ ಮೆತ್ತುವುದನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ, ತೇವವೂ ಉಪ್ಪೂ ಒಳಗೇ ಉಳಿದು ಗೋಡೆಯನ್ನೇ ತಿನ್ನುತ್ತವೆ.

ಕಡಲ ದಂಡೆಯ ಕಬ್ಬಿಣದ ಫಿರಂಗಿಯ ಪಾಡು ಇನ್ನೂ ಕಷ್ಟ. ತುಕ್ಕು ಉಜ್ಜಿ ಬಣ್ಣ ಬಳಿದರೆ ಸಾಲದು. ಉಪ್ಪಿನ ಕ್ಲೋರೈಡ್ ಕಬ್ಬಿಣದೊಳಗೇ ಸೇರಿರುತ್ತದೆ, ತೇವ ಸಿಕ್ಕಿದರೆ ಬಣ್ಣದ ಅಡಿಯಲ್ಲೇ ತುಕ್ಕು ಮತ್ತೆ ಶುರು. ಅದಕ್ಕೆ ಫಿರಂಗಿಯನ್ನು ಕ್ಷಾರದ ದ್ರಾವಣದಲ್ಲಿ ತಿಂಗಳುಗಟ್ಟಲೆ ನೆನೆಸಿ, ದ್ರಾವಣ ಬದಲಿಸುತ್ತಾ, ಒಳಗಿನ ಉಪ್ಪನ್ನು ಹೊರಗೆ ಎಳೆಯುತ್ತಾರೆ.

ನಮ್ಮ ಬಳ್ಳಾರಿಯಲ್ಲಿ ಕಡಲ ಗಾಳಿಯ ಕಾಟವಿಲ್ಲ. ಇಲ್ಲಿ ಗೋಡೆಯ ಬಿರುಕಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆಯುತ್ತದೆ. ಎರಡೆಲೆ ಇದ್ದಾಗ ಬೆರಳಲ್ಲಿ ಕೀಳಬಹುದು, ಬೇರು ದಪ್ಪ ಆದಮೇಲೆ ಕೀಳಲು ಹೋದರೆ ಕಲ್ಲೂ ಜೊತೆಗೆ ಬರುತ್ತದೆ.