ಎರ್ಗೊನಾಮಿಕ್ಸ್: ಮೊದಲು ಮೊಣಕೈ ಎಲ್ಲಿದೆ ನೋಡಿ

ಉಡುಪಿ ಹತ್ತಿರದ ನಮ್ಮ ಹಳೇ ಮನೆಯ ಅಡುಗೆಕೋಣೆ ರಿಪೇರಿ ನಡೆಯುತ್ತಿತ್ತು. ಕಟ್ಟೆ ಎಷ್ಟು ಎತ್ತರ ಮಾಡ್ತೀರಿ ಎಂದು ಮೇಸ್ತ್ರಿಯವರನ್ನು ಕೇಳಿದೆ. “34 ಇಂಚು. ಎಲ್ಲಾ ಕಡೆ ಅಷ್ಟೇ ಮಾಡುದು” ಎಂದರು.

ಅಮ್ಮನ ಎತ್ತರ 4 ಅಡಿ 10 ಇಂಚು. 34 ಇಂಚಿನ ಕಟ್ಟೆ, ಅದರ ಮೇಲೆ 5 ಇಂಚಿನ ಗ್ಯಾಸ್ ಒಲೆ, ಅದರ ಮೇಲೆ ಕುಚ್ಚಲಕ್ಕಿ ಬೇಯುವ 10 ಇಂಚಿನ ತಪಲೆ. ಒಟ್ಟು 49 ಇಂಚು. ಅಮ್ಮನ ಭುಜ ನೆಲದಿಂದ 47 ಇಂಚು ಚಿಲ್ಲರೆ. ಅಂದರೆ ಸೌಟು ಹಾಕಿ ತಿರುಗಿಸಲು ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬೇಕು. ಮೂವತ್ತು ವರ್ಷದಿಂದ ಹಾಗೇ ಎತ್ತುತ್ತಿದ್ದಾರೆ. ಭುಜ ನೋವಿಗೆ ಎಣ್ಣೆ ತಿಕ್ಕಿದ್ದಾಯ್ತು, ಮಾತ್ರೆ ನುಂಗಿದ್ದಾಯ್ತು. ಕಟ್ಟೆಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಈ ಅನುಮಾನಕ್ಕೆ ಒಂದು ಹೆಸರಿದೆ: ಎರ್ಗೊನಾಮಿಕ್ಸ್. ಕೆಲಸವನ್ನು, ಸಲಕರಣೆಯನ್ನು, ಕೆಲಸದ ಜಾಗವನ್ನು ಮಾಡುವವರ ಮೈಗೆ ಹೊಂದಿಸುವ ವಿದ್ಯೆ. ಗ್ರೀಕಿನಲ್ಲಿ ‘ಎರ್ಗಾನ್’ ಎಂದರೆ ಕೆಲಸ, ‘ನೊಮೋಸ್’ ಎಂದರೆ ನಿಯಮ. 1857ರಲ್ಲಿ ಪೋಲೆಂಡಿನ ವೊಯ್ಚೆಕ್ ಯಾಸ್ತ್‌ಶೆಂಬೋವ್‌ಸ್ಕಿ ಎಂಬ ವಿದ್ವಾಂಸ ಈ ಎರಡನ್ನು ಜೋಡಿಸಿ ಲೇಖನವೊಂದರಲ್ಲಿ ಬಳಸಿದ್ದ. ಆಮೇಲೆ ಜಗತ್ತು ಅದನ್ನು ಮರೆತೇಬಿಟ್ಟಿತು. 1949ರಲ್ಲಿ ಬ್ರಿಟನ್ನಿನ ಹೈವೆಲ್ ಮರ್ರೆಲ್ ಮತ್ತೆ ಅದೇ ಪದ ತಂದರು, ಈ ಸಲ ಅದು ಉಳಿಯಿತು. ಕನ್ನಡದಲ್ಲಿ ಕೆಲವರು ‘ದಕ್ಷತಾಶಾಸ್ತ್ರ’ ಎಂದು ಬರೆಯುವುದನ್ನು ನೋಡಿದ್ದೇನೆ. ನನಗೇನೋ ಅದು ಹಿಡಿಸಿಲ್ಲ. ಕೇಳಿದರೆ ಧಣಿಯ ಪದದ ಹಾಗಿದೆ, ಇನ್ನೂ ಸ್ವಲ್ಪ ಜಾಸ್ತಿ ಕೆಲಸ ತೆಗೆಯಿರಿ ಎಂದಂತೆ. ಮೈಯ ಸುದ್ದಿಯೇ ಅದರಲ್ಲಿಲ್ಲ. ‘ಮೈಗೊಪ್ಪುವ ಕೆಲಸ’ ಎಂದರೆ ಅಜ್ಜಿಗೂ ಅರ್ಥವಾಗುತ್ತದೆ.

ಈ ವಿದ್ಯೆ ಬೆಳೆದದ್ದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳಲ್ಲಿ ಒಂದು ವಿಚಿತ್ರ ತೊಂದರೆ. ಸರಿಯಾಗಿ ನೆಲಕ್ಕಿಳಿದ ಮೇಲೆ ಪೈಲಟ್ ರೆಕ್ಕೆಯ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಚುವ ಹಲಗೆ) ಮೇಲೆತ್ತಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದ. ವಿಮಾನ ಹೊಟ್ಟೆಯ ಮೇಲೆ ಕೂತುಬಿಡುತ್ತಿತ್ತು. ಪೈಲಟ್ ಎಡವಟ್ಟು ಎಂದು ಬೈದು ಮುಗಿಸಬಹುದಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಕಾಕ್‌ಪಿಟ್ ನೋಡಿದರು. ಚಕ್ರದ್ದು, ಫ್ಲ್ಯಾಪ್‌ನದ್ದು ಎರಡೂ ಹಿಡಿಗಳು ಪಕ್ಕಪಕ್ಕದಲ್ಲೇ ಇದ್ದವು, ನೋಡಲು ಹೆಚ್ಚುಕಡಿಮೆ ಒಂದೇ ಥರ. ಚಕ್ರದ ಹಿಡಿಗೆ ಚಕ್ರದಂಥ ತುದಿ, ಫ್ಲ್ಯಾಪ್‌ನ ಹಿಡಿಗೆ ರೆಕ್ಕೆಯಂಥ ತುದಿ ಕೊಟ್ಟರೆ, ಕತ್ತಲಲ್ಲಿ ಮುಟ್ಟಿದರೂ ಕೈಗೇ ಗೊತ್ತಾಗುತ್ತದೆ. ಹೀಗೆ ಆಕಾರ ಬೇರೆ ಮಾಡಿದ ಮೇಲೆ ಆ ಗಲಿಬಿಲಿ ನಿಂತಿತು.

ನನಗೆ ಇದಕ್ಕಿಂತ ಇಷ್ಟವಾದದ್ದು 1950ರ ಇನ್ನೊಂದು ಕಥೆ. ಕಾಕ್‌ಪಿಟ್ ಅಳತೆ ಸರಿಮಾಡಲು ಅಮೆರಿಕದ ವಾಯುಪಡೆ 4,063 ಪೈಲಟ್‌ಗಳ ಮೈ ಅಳೆಸಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವಕ ಅದರಲ್ಲಿ ಎತ್ತರ, ಎದೆ, ತೋಳಿನ ಉದ್ದ ಹೀಗೆ 10 ಅಳತೆ ಆರಿಸಿಕೊಂಡು, ಹತ್ತರಲ್ಲೂ ಸರಾಸರಿಗೆ ಹತ್ತಿರ ಇರುವವರು ಎಷ್ಟು ಮಂದಿ ಎಂದು ಎಣಿಸಿದ. ಒಬ್ಬನೂ ಇರಲಿಲ್ಲ. ಸರಾಸರಿ ಪೈಲಟ್‌ಗೆಂದು ಮಾಡಿದ ಸೀಟು ಯಾರಿಗೂ ಸರಿಹೊಂದುವುದಿಲ್ಲ ಎಂದಾಯಿತು. ಮುಂದೆ ಸೀಟು, ಪೆಡಲ್, ಬೆಲ್ಟ್ ಎಲ್ಲಾ ಹಿಂದೆ ಮುಂದೆ ಸರಿಸುವ ಹಾಗೆ ಬಂದವು. ನಮ್ಮ ಮೇಸ್ತ್ರಿಯ 34 ಇಂಚೂ ಇಂಥದ್ದೇ ಸರಾಸರಿ, ಅಲ್ವಾ?

ಸರಿಸಲು ಆಗದ ಕಡೆ ಏನು ಮಾಡುವುದು? ಕೈಗೆ ಎಟುಕಬೇಕಾದ್ದನ್ನು ಗಿಡ್ಡ ಇರುವವರಿಗೆ ಅಳೆ, ತಲೆ ತಾಗಬಾರದ್ದನ್ನು ಉದ್ದ ಇರುವವರಿಗೆ ಅಳೆ ಎನ್ನುತ್ತದೆ ಈ ವಿದ್ಯೆ. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಮೇಲಿನ ರಾಡ್ ಹಿಡಿಯಲು ಪರದಾಡುವ ಪಿಯುಸಿ ಹುಡುಗಿಯರನ್ನೂ, ಮೊದಲ ಮೆಟ್ಟಿಲಿಗೆ ಕಾಲೆತ್ತಲು ಆಗದೆ ಕಂಡಕ್ಟರ್ ವಿಸಿಲ್‌ಗೆ ಗಾಬರಿಯಾಗುವ ಅಜ್ಜಿಯರನ್ನೂ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಕಟ್ಟೆಯ ವಿಷಯಕ್ಕೆ ಲೆಕ್ಕ ಮೊಣಕೈಯಿಂದ ಶುರು. ನಿಂತು ಮಾಡುವ ಹಗುರ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ 10-15 ಸೆಂಟಿಮೀಟರ್ ಕೆಳಗಿರಬೇಕು. ಮೈಭಾರ ಹಾಕಿ ಒತ್ತುವ ಕೆಲಸಕ್ಕೆ ಇನ್ನೂ ಕೆಳಗೆ. ಕಣ್ಣಿಟ್ಟು ಮಾಡುವ ನಾಜೂಕು ಕೆಲಸಕ್ಕೆ ಮಾತ್ರ ಮೊಣಕೈಗಿಂತ ಸ್ವಲ್ಪ ಮೇಲೆ. ಅಮ್ಮನನ್ನು ಗೋಡೆಗೆ ನಿಲ್ಲಿಸಿ ಟೇಪ್ ಹಿಡಿದೆ. “ಈ ಪ್ರಾಯದಲ್ಲಿ ನನ್ನ ಅಳತೆ ಯಾಕೆ ಮಾರಾಯ” ಎಂದು ನಕ್ಕರು. ಮೊಣಕೈ 36 ಇಂಚಿಗೆ ಬಂತು. ಹೆಂಡತಿ 5 ಅಡಿ 5 ಇಂಚು, ಅವಳದ್ದು 41ಕ್ಕೆ. ಒಂದೇ ಕಟ್ಟೆ ಇಬ್ಬರಿಗೂ ಆಗುವುದಿಲ್ಲ. ಕೊನೆಗೆ ಒಂದು ಗೋಡೆಗೆ 32 ಇಂಚು, ಎದುರು ಗೋಡೆಗೆ 36, ಒಲೆ ಇಡುವಲ್ಲಿ 27 ಎಂದು ತೀರ್ಮಾನವಾಯಿತು. ಮೇಸ್ತ್ರಿಯವರು ಮುಖ ಸಣ್ಣ ಮಾಡಿಕೊಂಡೇ ಕಟ್ಟಿದರು.

ಎತ್ತರ ಒಂದೇ ಅಲ್ಲ, ಹೊತ್ತೂ ಮುಖ್ಯ. ನಮ್ಮ ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುತ್ತಾರೆ. ಚಿಟ್ಟೆಯ (ಜಗಲಿಯ) ಮೇಲೆ ಕೂತು, ಮಡಿಲಲ್ಲಿ ತಡ್ಪೆ (ಮೊರ), ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಬೆರಳು ಮಿಂಚಿನ ಹಾಗೆ ಓಡುತ್ತದೆ. ಕುತ್ತಿಗೆ ಮಾತ್ರ ಬಗ್ಗಿದ್ದು ಬಗ್ಗಿದ ಹಾಗೇ. ನೋವುಂಟಾ ಎಂದು ಕೇಳಿದರೆ “ಇಲ್ಲದ ದಿನ ಉಂಟಾ?” ಎನ್ನುತ್ತಾರೆ. ನಮ್ಮ ಕಣ್ಣಿಗೆ ಕುತ್ತಿಗೆ ಸುಮ್ನೆ ಇದ್ದಂತೆ ಕಾಣುತ್ತದೆ, ಆದರೆ ತಲೆಯ ಭಾರವನ್ನು ಅಲ್ಲಾಡದೆ ಹಿಡಿದುಕೊಳ್ಳುವುದೇ ಅದಕ್ಕೆ ದೊಡ್ಡ ಕೆಲಸ. ಬಿಗಿದುಕೊಂಡೇ ಇರುವ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ನಡೆದಾಡುವಾಗ ಸ್ನಾಯು ಬಿಗಿದು ಸಡಿಲವಾಗಿ ಮಾಡುತ್ತಿರುತ್ತದೆ, ಅದಕ್ಕೇ ಅಷ್ಟು ಬೇಗ ದಣಿಯುವುದಿಲ್ಲ.

ಬೆನ್ನಿಗೆ ಗೋಡೆ ಆಸರೆ, ತಡ್ಪೆಯ ಅಡಿಗೆ ದಿಂಬು, ಸ್ವಲ್ಪ ಹೊತ್ತು ಕಟ್ಟುವುದು, ಸ್ವಲ್ಪ ಹೊತ್ತು ಎಲೆ ಕತ್ತರಿಸುವುದು, ನಡುವೆ ಎದ್ದು ಓಡಾಡುವುದು ಎಂದು ಸಲಹೆ ಕೊಡಬಹುದು. ಕೊಟ್ಟೆ ಕೂಡ. ಅವರು ದಿಂಬು ತಂದರು, ಎದ್ದು ಓಡಾಡಲಿಲ್ಲ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ ಸಿಗುವಾಗ ಯಾರು ಏಳುತ್ತಾರೆ? ಹಾಗಾಗಿ ಮಜೂರಿ ಲೆಕ್ಕ, ಪಾಳಿ, ಬಿಡುವು ಇವೂ ಈ ವಿದ್ಯೆಯೊಳಗೇ ಬರುತ್ತವೆ. ಕುರ್ಚಿ ಮೇಜಿನ ಮಾತು ಬಂದಾಗ ಇದನ್ನು ಮರೆಯುವವರೇ ಜಾಸ್ತಿ. ಬಟ್ಟೆ ಅಂಗಡಿಗಳಲ್ಲಿ ಬೆಳಗಿಂದ ರಾತ್ರಿವರೆಗೆ ನಿಂತೇ ಇರುವ ಹುಡುಗಿಯರದ್ದೂ ಇದೇ ಪಾಡು. ತಲಪಾಡಿ ದಾಟಿದರೆ ಸಿಗುವ ಕೇರಳ, ಅಂಗಡಿ ಕೆಲಸದವರಿಗೆ ಕೂರಲು ಅನುಕೂಲ ಮಾಡಿಕೊಡಬೇಕೆಂದು 2018ರಲ್ಲಿ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡೂ ತಂದಿತು. ಒಂದು ಸ್ಟೂಲಿಗೆ ಕಾನೂನೇ ಬೇಕಾಯಿತು ನೋಡಿ.

ಲ್ಯಾಪ್‌ಟಾಪ್ ಮುಂದೆ ಕೂರುವವರಿಗೆ ಎರಡೇ ಮಾತು. ಅದರ ಪರದೆ ಮತ್ತು ಕೀಬೋರ್ಡ್ ಅಂಟಿಕೊಂಡೇ ಇರುವುದರಿಂದ, ಕಣ್ಣಿಗೆ ಸರಿಯಾದರೆ ಕೈಗೆ ಸರಿಯಾಗುವುದಿಲ್ಲ. ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತನ್ನಿ, ಬೇರೆ ಕೀಬೋರ್ಡ್ ಜೋಡಿಸಿ. ದುಬಾರಿ ಕುರ್ಚಿಯ ಯೋಚನೆ ಆಮೇಲೆ ಮಾಡಿದರಾಯಿತು.

ಈಗ ಅಮ್ಮ ಆರಾಮವಾಗಿ ಅನ್ನದ ತೆಳಿ (ಗಂಜಿನೀರು) ಬಗ್ಗಿಸುತ್ತಾರೆ. ಹೆಂಡತಿಯೂ ತನ್ನ ಕಟ್ಟೆಯಲ್ಲಿ ನೆಟ್ಟಗೆ ನಿಂತು ತರಕಾರಿ ಹೆಚ್ಚುತ್ತಾಳೆ. ಎಡವಟ್ಟಾದದ್ದು ಸಿಂಕಿನಲ್ಲಿ. ಅದನ್ನು 32 ಇಂಚಿನ ಕಟ್ಟೆಗೆ ಕೂರಿಸಿದೆವು. ಕೈ ಕೆಲಸ ಮಾಡುವುದು ಸಿಂಕಿನ ಅಂಚಿನಲ್ಲಲ್ಲ, ತಳದಲ್ಲಿ ಎಂಬುದು ಹೊಳೆಯಲೇ ಇಲ್ಲ. 8 ಇಂಚು ಆಳ ಕಳೆದರೆ ತಳ ನೆಲದಿಂದ 24 ಇಂಚು. ನಮ್ಮ ಮನೆಯಲ್ಲಿ ರಾತ್ರಿ ಪಾತ್ರೆ ತೊಳೆಯುವವನು ನಾನು, 5 ಅಡಿ 8 ಇಂಚು. ಸದ್ಯಕ್ಕೆ ಸಿಂಕಿನೊಳಗೆ ಒಂದು ಪ್ಲಾಸ್ಟಿಕ್ ಬುಟ್ಟಿ ಕವುಚಿ ಹಾಕಿ, ಅದರ ಮೇಲೆ ಪಾತ್ರೆ ಇಟ್ಟು ತಿಕ್ಕುತ್ತಿದ್ದೇನೆ. ಸೊಂಟಕ್ಕೆ ಪರವಾಗಿಲ್ಲ. ಲುಂಗಿ ಮಾತ್ರ ದಿನಾ ಒದ್ದೆ.