ಒಂದು ವರ್ಷ ಬಿಟ್ಟು ಬನ್ನಿ ಅಂದರೆ ಕೈಬಿಟ್ಟೆವು ಅಂತ ಅಲ್ಲ

"ಗರ್ಭಕೋಶನೇ ತೆಗೆದುಬಿಡಿ ಡಾಕ್ಟ್ರೇ, ಈ ಚಿಂತೆನೇ ಬೇಡ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗರ್ಭಕೊರಳಿನಿಂದ, ಅಂದರೆ ಗರ್ಭಕೋಶದ ಬಾಯಿಯಿಂದ, ಜೀವಕೋಶ ತೆಗೆದು ನೋಡುವ ಪ್ಯಾಪ್ ಟೆಸ್ಟಿನಲ್ಲಿ ಸಣ್ಣ ಬದಲಾವಣೆ ಕಂಡಿರುತ್ತದೆ. ಕಾಲ್ಪೊಸ್ಕೋಪಿ ಮಾಡಿ, ಅಂದರೆ ಆ ಜಾಗವನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡಿ, ಚೂರು ತೆಗೆದು ಬಯಾಪ್ಸಿಗೆ ಕಳಿಸಿದರೆ ಸಿಐಎನ್ 1 ಅಂತ ಬಂದಿರುತ್ತದೆ. ಗರ್ಭಕೊರಳಿನ ಜೀವಕೋಶಗಳ ಬದಲಾವಣೆಯನ್ನು 1ರಿಂದ 3ರವರೆಗೆ ಅಳೆಯುವ ಲೆಕ್ಕ ಇದು, 1 ಅಂದರೆ ಎಲ್ಲಕ್ಕಿಂತ ಸಣ್ಣದು. "ಈಗ ಏನೂ ಬೇಡ, ಒಂದು ವರ್ಷ ಬಿಟ್ಟು ಬನ್ನಿ" ಅನ್ನುತ್ತೇನೆ. ಅಲ್ಲಿಗೆ ಎದುರಿಗಿದ್ದವರ ಮುಖ ಬಾಡಿಹೋಗುತ್ತದೆ.

ಒಂದು ವರ್ಷ ಸುಮ್ನೆ ಕೂತರೆ ಅದು ಬೆಳೆಯಲ್ವಾ ಅನ್ನುವುದು ಎಲ್ಲರ ಪ್ರಶ್ನೆ. ಬೆಳೆಯುವುದಕ್ಕಿಂತ ಹೋಗಿಬಿಡುವುದೇ ಜಾಸ್ತಿ. ಸಿಐಎನ್ 1 ಅಂದರೆ ಎಚ್‌ಪಿವಿ ವೈರಸ್ ಗರ್ಭಕೊರಳಿನ ಚರ್ಮದಲ್ಲಿ ಈಗ ಓಡಾಡುತ್ತಿದೆ ಅನ್ನುವ ಗುರುತು, ಅಷ್ಟೇ. ಲೈಂಗಿಕ ಸಂಪರ್ಕ ಇರುವ ಬಹುಪಾಲು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ವೈರಸ್ ತಗಲುತ್ತದೆ, ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ಮೈಯೇ ಅದನ್ನು ಹೊರಗೆ ಹಾಕುತ್ತದೆ, ವೈರಸ್ ಹೋದ ಮೇಲೆ ಅದು ಮಾಡಿದ ಗುರುತೂ ಮಾಯುತ್ತದೆ. ಆ ಕೆಲಸಕ್ಕೆ ಮೈಗೆ ಸಮಯ ಬೇಕು. ನಾನು ಕೇಳುವ ಒಂದು ವರ್ಷ ಅದಕ್ಕೇ.

ಸಿಐಎನ್ 3 ಆದರೆ ಮಾತು ಬೇರೆ. ಅದನ್ನು ಸಾಮಾನ್ಯವಾಗಿ ತೆಗೆಯುತ್ತೇವೆ. ಆದರೆ ಅದೂ ಕ್ಯಾನ್ಸರ್ ಅಲ್ಲ. ನ್ಯೂಜಿಲೆಂಡ್‌ನಲ್ಲಿ ಹಿಂದೊಮ್ಮೆ ಕೆಲವು ಹೆಂಗಸರಿಗೆ ಸಿಐಎನ್ 3 ಇದ್ದರೂ ಸರಿಯಾದ ಚಿಕಿತ್ಸೆ ಕೊಡದೆ ಬಿಟ್ಟಿದ್ದರು. ಆಗಬಾರದ ಅನ್ಯಾಯ ಅದು. ಅವರಲ್ಲಿ ಮುಂದಿನ 30 ವರ್ಷದೊಳಗೆ ಕ್ಯಾನ್ಸರ್ ಆಗಿದ್ದು ಸುಮಾರು ನೂರಕ್ಕೆ 30 ಜನಕ್ಕೆ. ಹಾಗಾಗಿ ಇದನ್ನು ಬಿಡಬಾರದು. ಜೊತೆಗೆ, ಇವತ್ತು ರಾತ್ರಿಯೇ ಏನೋ ಆಗಿಬಿಡುವ ಕಾಯಿಲೆಯೂ ಇದಲ್ಲ.

ಸಿಐಎನ್ 1 ಇದ್ದವರೂ ಯಾವುದಕ್ಕೂ ಇರಲಿ ಅಂತ ಕತ್ತರಿಸಿಬಿಡಿ ಅನ್ನುತ್ತಾರೆ. ಗರ್ಭಕೊರಳಿನ ತುಂಡು ತೆಗೆದರೆ ಮುಂದಿನ ಬಸುರಿನಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಗರ್ಭಕೋಶ ತೆಗೆಯುವುದಂತೂ ದೊಡ್ಡ ಆಪರೇಷನ್. ತೆಗೆದರೂ ವೈರಸ್ ಯೋನಿಯ ಗೋಡೆಯಲ್ಲಿ ಉಳಿಯಬಹುದು, ಆಗಲೂ ಚೆಕಪ್ ತಪ್ಪುವುದಿಲ್ಲ. ಮೈ ತಾನೇ ವಾಸಿ ಮಾಡಿಕೊಳ್ಳುವುದಕ್ಕೆ ಇಷ್ಟೆಲ್ಲ ಯಾಕೆ ಕಳೆದುಕೊಳ್ಳಬೇಕು?

ಎಲ್ಲರಿಗೂ ಒಂದೇ ವರ್ಷದ ಲೆಕ್ಕ ಅಂತ ಮಾತ್ರ ತಿಳಿಯಬೇಡಿ. ಎಚ್‌ಐವಿ ಇದ್ದರೆ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಅಥವಾ ಪ್ಯಾಪ್‌ನಲ್ಲಿ ದೊಡ್ಡ ಬದಲಾವಣೆ ಕಂಡು ಬಯಾಪ್ಸಿಯಲ್ಲಿ ಸಣ್ಣದು ಬಂದಿದ್ದರೆ ದಾರಿ ಬೇರೆ. ನಿಮ್ಮ ರಿಪೋರ್ಟ್ ನೋಡಿದವರೇ ಅದನ್ನು ಹೇಳಬೇಕು. ಸಂಭೋಗದ ನಂತರ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋದರೆ, ಕೊಟ್ಟ ತಾರೀಕಿಗೆ ಕಾಯಬೇಡಿ, ಕೂಡಲೇ ಬನ್ನಿ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಬಾಗಿಲ ಹತ್ತಿರ ನಿಂತು ಕೇಳುತ್ತಾರೆ, ಗಂಡ ಹೊರಗೆ ಹೋದ ಮೇಲೆ. ಇದು ಯಾರಿಂದ ಬಂತು? ಈ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರಬಲ್ಲದು. ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ರಿಪೋರ್ಟೂ ಹೇಳುವುದಿಲ್ಲ. ಅದನ್ನಿಟ್ಟುಕೊಂಡು ಮನೆಯಲ್ಲಿ ಜಗಳ ಮಾಡಬೇಡಿ.

ಒಬ್ಬರು ಬಂದಿದ್ದರು, ಮೂವತ್ತು ದಾಟಿದವರು. ಮೊದಲ ರಿಪೋರ್ಟ್ ಮೊಬೈಲಿಗೆ ಬಂದಿತ್ತು, ಯಾರೂ ಬಿಡಿಸಿ ಹೇಳಿರಲಿಲ್ಲ. ನನ್ನ ಹತ್ತಿರ ಬರುವ ಹೊತ್ತಿಗೆ ಮನೆಯ ಲೆಕ್ಕ, ಬ್ಯಾಂಕಿನ ಪಾಸ್‌ವರ್ಡ್, ಮಗಳ ಸ್ಕೂಲ್ ಫೀಸಿನ ತಾರೀಕು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಗಂಡನಿಗಾಗಿ ಬರೆದಿಟ್ಟಿದ್ದರು. ಅದನ್ನು ಕೇಳಿ ನನಗೆ ಹೊಟ್ಟೆ ಸಂಕಟವಾಯಿತು. ಅವರದ್ದೂ ಸಿಐಎನ್ 1. ಆ ವರ್ಷದಲ್ಲಿ ಮೂರು ಸಲ ಫೋನ್ ಮಾಡಿದರು, ಮೂರು ಸಲವೂ ಅದೇ ಪ್ರಶ್ನೆ, ನನ್ನದೂ ಅದೇ ಉತ್ತರ. ಕೊಟ್ಟ ದಿನಕ್ಕೆ ಸರಿಯಾಗಿ ಬಂದರು. ವೈರಸ್ ಇರಲಿಲ್ಲ, ಪ್ಯಾಪ್ ನಾರ್ಮಲ್.

ಫೋನ್ ಮಾಡುವವರ ಬಗ್ಗೆ ನನಗೆ ಬೇಸರವಿಲ್ಲ, ಎಷ್ಟು ಸಲ ಬೇಕಾದರೂ ಮಾಡಲಿ. ನನಗೆ ದಿಗಿಲು ಭಯಪಟ್ಟು ರಿಪೋರ್ಟನ್ನು ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟು, ತಿರುಗಿ ಬಾರದೇ ಇರುವವರದ್ದು. ಅದಕ್ಕೇ ಈಗ ಮುಂದಿನ ತಾರೀಕನ್ನು ಬಾಯಲ್ಲಿ ಹೇಳಿ ಬಿಡುವುದಿಲ್ಲ. ಚೀಟಿಯಲ್ಲಿ ದಪ್ಪಗೆ ಬರೆದು, ಅವರ ಮೊಬೈಲಿನಲ್ಲಿ ನನ್ನೆದುರಿಗೇ ಅಲಾರಂ ಹಾಕಿಸಿ ಕಳಿಸುತ್ತೇನೆ.