ಹುಬ್ಬಳ್ಳಿಯ ಕೊಲೆಗೆ ಪತ್ತೇದಾರ ಬೆಂಗಳೂರಿನಿಂದಲೇ ಬರಬೇಕಾ?

ಧಾರವಾಡ, ಗದಗ, ಹಾವೇರಿ ಕಡೆಯ ಊರುಗಳಲ್ಲೇ ನಡೆಯುವ ಪತ್ತೇದಾರಿ ಕಾದಂಬರಿಗಳು ಯಾಕಿಷ್ಟು ಕಡಿಮೆ? ಪುಸ್ತಕದವರು ನಾಲ್ಕು ಜನ ಸೇರಿದಲ್ಲೆಲ್ಲ ಈ ಮಾತು ಬರುತ್ತದೆ. ಓದುಗರಿಲ್ಲ ಅಂತಾರೆ ಪ್ರಕಾಶಕರು. ಪುಸ್ತಕವೇ ಸಿಗೋದಿಲ್ಲ ಅಂತಾರೆ ಓದುಗರು. ಬರೆದರೂ ಇದನ್ನು ಸಾಹಿತ್ಯ ಅಂತ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ ಅಂತಾರೆ ಬರೆಯುವವರು. ಮೂವರ ಮಾತಿನಲ್ಲೂ ನಿಜ ಇದೆ. ಈ ಗಂಟು ಬಿದ್ದದ್ದು ಹೇಗೆ ಅಂತ ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಪುಸ್ತಕ ಮಾರೋದು ಲೇಖಕನ ಕೆಲಸ ಅಲ್ಲ ಅಂತ ಈಗ ಕೆಲವರು ಮೂಗು ಮುರಿಯುತ್ತಾರೆ. ಈಗಿನ ಹಾವೇರಿ ಜಿಲ್ಲೆಯ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಕ್ಕೆ ಕಾದಂಬರಿ ಓದುವ ಚಟ ಹಿಡಿಸಿದವರಲ್ಲಿ ಅವರು ದೊಡ್ಡವರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಅಲ್ಲಿಯ ಕ್ರಮವೇ ಬೇರೆ. ಓದುಗರು ಚಂದಾದಾರರಾಗಬೇಕು, ವರ್ಷದ ಪುಸ್ತಕಗಳು ಅವರಿಗೆ ತಲುಪಬೇಕು. ಅಂದರೆ ಮೊದಲು ಓದುಗರು, ಆಮೇಲೆ ಅಚ್ಚು. ಇವೆರಡೂ ಪತ್ತೇದಾರಿಗಾಗಿ ಹುಟ್ಟಿದ್ದಲ್ಲ, ನಿಜ. ಆದರೆ ಓದುಗರ ಮನೆ ಬಾಗಿಲಿಗೆ ಹೋಗೋದು ಹೇಗೆ ಅನ್ನೋದು ಈ ನೆಲಕ್ಕೆ ಆಗಲೇ ಗೊತ್ತಿತ್ತು.

ಅತ್ತ ಹಳೇ ಮೈಸೂರಿನ ಕಡೆ ಪತ್ತೇದಾರಿ ಕಥೆ ಬಂಗಾಳಿಯಿಂದ, ಇಂಗ್ಲಿಷಿನಿಂದ ಇಳಿದು ಬಂದು ಬೇರು ಬಿಟ್ಟಿತು. 1950ರ ದಶಕದಿಂದ ಎನ್. ನರಸಿಂಹಯ್ಯ ಒಬ್ಬರೇ 500ಕ್ಕೂ ಜಾಸ್ತಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮ ಓಡಾಡಿದ್ದು ಹೆಚ್ಚಾಗಿ ಬೆಂಗಳೂರಿನ ರಸ್ತೆಗಳಲ್ಲಿ. 1956ರ ನವೆಂಬರ್ 1ರವರೆಗೂ ಧಾರವಾಡ ಮುಂಬೈ ರಾಜ್ಯದಲ್ಲಿತ್ತು. ಪೊಲೀಸ್ ವ್ಯವಸ್ಥೆ ಬೇರೆ, ಕೋರ್ಟು ಬೇರೆ. ರಾಜ್ಯ ಒಂದಾದ ಮೇಲೂ ಪುಸ್ತಕಲೋಕದಲ್ಲಿ ಕೆಲಸ ಹಂಚಿಹೋದ ಹಾಗಿತ್ತು. ಗಂಭೀರ ಸಾಹಿತ್ಯ, ನಾಟಕ, ವಿಮರ್ಶೆ ಧಾರವಾಡದ್ದು. ಕೊಲೆ, ಕಳ್ಳತನ, ರಹಸ್ಯ ಬೆಂಗಳೂರಿನದು.

ಆದರೆ ಓದಿದವರು ಯಾರು? ನಮ್ಮವರೇ. ಹುಬ್ಬಳ್ಳಿ, ಗದಗದ ಓಣಿಗಳಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಿದ್ದ ಕಾಲವನ್ನು ಐವತ್ತು ದಾಟಿದ ಯಾರನ್ನು ಕೇಳಿದರೂ ಕಣ್ಣರಳಿಸಿ ಹೇಳುತ್ತಾರೆ. ಡಿಪಾಜಿಟ್ ಇಟ್ಟರೆ ದಿನಕ್ಕೆ ಇಷ್ಟು ಪೈಸೆ ಅಂತ ಲೆಕ್ಕ. ರಟ್ಟು ಹಾಕಿ ದಪ್ಪ ದಾರದಲ್ಲಿ ಹೊಲಿದ ಪುಸ್ತಕ. ಹೊಲಿಗೆ ಎಷ್ಟು ಒಳಗೆ ಇರುತ್ತಿತ್ತು ಅಂದರೆ ಸಾಲಿನ ಮೊದಲ ಅಕ್ಷರ ಓದೋಕೆ ಪುಸ್ತಕವನ್ನು ಎರಡೂ ಕೈಯಿಂದ ಅಗಲಿಸಿ ಹಿಡಿಯಬೇಕು. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ತಾರೀಖುಗಳ ಸಾಲು. ಆ ಚೀಟಿ ತುಂಬಿ, ಅದರ ಮೇಲೆ ಇನ್ನೊಂದು ಅಂಟಿಸಿದ್ದರೆ ಪುಸ್ತಕ ಚೆನ್ನಾಗಿದೆ ಅಂತ ಅರ್ಥ. ವಿಮರ್ಶೆ ಬೇಕಾಗಿರಲಿಲ್ಲ.

ಆ ಅಂಗಡಿಯವರು ಸುಮ್ನೆ ಪುಸ್ತಕ ಎತ್ತಿಕೊಡುತ್ತಿರಲಿಲ್ಲ. ಮಿಲ್ಲಿನ ಪಾಳಿ ಮುಗಿಸಿ ಬಂದವರಿಗೆ ಯಾವುದು, ರೇಲ್ವೆ ವರ್ಕ್‌ಶಾಪಿನವರಿಗೆ ಯಾವುದು, ಮಗನ ಕೈಲಿ ಚೀಟಿ ಕಳಿಸುವ ಅಕ್ಕನವರಿಗೆ ಯಾವುದು ಅಂತ ಅವರಿಗೆ ಬಾಯಿಪಾಠ. ಕನ್ನಡ ಪತ್ತೇದಾರಿಯ ನಿಜವಾದ ಪ್ರಚಾರಕರು ಅವರೇ ಅಂತ ನನ್ನ ನಂಬಿಕೆ. ಅವರ ಹೆಸರು ಯಾವ ಸಾಹಿತ್ಯ ಚರಿತ್ರೆಯಲ್ಲೂ ಇಲ್ಲ. ಇರಬೇಕಿತ್ತು. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಗಳು ಇನ್ನೊಂದು ದಾರಿ. ಗದಗದಿಂದ ರೋಣಕ್ಕೆ, ಹಾವೇರಿಯಿಂದ ಹಾನಗಲ್ಲಿಗೆ ಹೊರಟವರು ಶೇಂಗಾ ಪೊಟ್ಟಣದ ಜೊತೆ ಒಂದು ಪಾಕೆಟ್ ಪುಸ್ತಕವನ್ನೂ ಕೊಳ್ಳುತ್ತಿದ್ದರು.

ಆಮೇಲೆ ಟಿವಿ ಬಂತು, ಕೇಬಲ್ ಬಂತು, ಮೊಬೈಲ್ ಬಂತು. ಬಾಡಿಗೆ ಅಂಗಡಿಗಳು ಝೆರಾಕ್ಸ್ ಅಂಗಡಿಗಳಾದವು. ಓದುಗರಿಲ್ಲ ಅನ್ನೋ ಮಾತು ಹುಟ್ಟಿದ್ದು ಆಗ. ನಿಜವಾಗಿ ಕಡಿದುಹೋದದ್ದು ಪುಸ್ತಕ ತಲುಪಿಸುವ ದಾರಿ.

ವಿಚಿತ್ರ ಅಂದರೆ, ಅದೇ ಹೊತ್ತಿಗೆ ನಮ್ಮ ಊರುಗಳು ಪತ್ತೇದಾರಿ ಕಥೆಗೆ ಹೇಳಿ ಮಾಡಿಸಿದ ಹಾಗೆ ಬೆಳೆದವು. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. 2018ರಿಂದ ಅವಳಿ ನಗರದ ನಡುವೆ ಚಿಗರಿ ಬಸ್ ಓಡುತ್ತಿದೆ. ಟಿಕೆಟಿನಲ್ಲಿ ಹೊತ್ತು ಅಚ್ಚಾಗಿರುತ್ತದೆ. 2023ರ ಮಾರ್ಚಿನಲ್ಲಿ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರಂ ಉದ್ಘಾಟನೆಯಾಯಿತು. ಜಗತ್ತಿನಲ್ಲೇ ಉದ್ದದ್ದು. ಈ ತುದಿಯಿಂದ ಆ ತುದಿಗೆ ಸಾಮಾನ್ಯ ನಡಿಗೆಯಲ್ಲಿ ಹದಿನೆಂಟು-ಇಪ್ಪತ್ತು ನಿಮಿಷ ಬೇಕು. ಗಾಡಿ ಬಂದ ಕೂಡಲೇ ಗೇಟಿನ ಹತ್ತಿರ ಇದ್ದೆ ಅಂತ ಆರೋಪಿ ಹೇಳಿದರೆ, ಅವನು ಇಳಿದ ಬೋಗಿ ಯಾವುದು ಅಂತ ಕೇಳಿದರೆ ಸಾಕು.

ಕಾನೂನೂ ಬದಲಾಗಿದೆ. 2024ರ ಜುಲೈ 1ರಿಂದ ಕೊಲೆಗೆ ಕಲಂ 302 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103. ಏಳು ವರ್ಷ ಅಥವಾ ಅದಕ್ಕೂ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಅನ್ನೋ ನಿಯಮವನ್ನು ರಾಜ್ಯಗಳು ಐದು ವರ್ಷದೊಳಗೆ ಜಾರಿ ಮಾಡಬೇಕು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಧಾರವಾಡದಲ್ಲೇ ಅಡಿಗಲ್ಲು ಬಿತ್ತು. ಹಾಗಿರುವಾಗ ಕೋಟು ಹಾಕಿದ ಖಾಸಗಿ ಪತ್ತೇದಾರ ಹೆಣದ ಪಕ್ಕ ಕೂತು ಪಂಚನಾಮೆ ಮಾಡಿದರೆ ಇಲ್ಲಿಯ ಓದುಗ ನಂಬುತ್ತಾನಾ? ನಮ್ಮಲ್ಲಿ ಹುಡುಕುವವರು ಬೇರೆ ಇದ್ದಾರೆ. ನಿವೃತ್ತ ಫೌಜದಾರರು, ವಕೀಲರ ಕಚೇರಿಯ ಕಾರಕೂನರು, ತಾಲೂಕು ವರದಿಗಾರರು, ಕೋರ್ಟಿನ ಬೆರಳಚ್ಚುಗಾರ್ತಿಯರು.

ಊರಿನ ಹೆಸರು ತಂದುಬಿಟ್ಟರೆ ಸ್ಥಳೀಯ ಆಗೋದಿಲ್ಲ. ಉಣಕಲ್ ಕೆರೆಯಲ್ಲಿ ಹೆಣ ತೇಲಿಸಿ, ಚೆನ್ನಮ್ಮ ಸರ್ಕಲ್‌ನಲ್ಲಿ ಕಾರು ಓಡಿಸಿ, ಕೊನೆಗೆ ಲೈನ್ ಬಜಾರಿನ ಪೇಢೆ ತಿನ್ನಿಸಿದರೆ ಅದು ಬೆಂಗಳೂರಿನ ಕಥೆಗೇ ಅಂಗಿ ಬದಲಿಸಿದ ಹಾಗೆ. ಕೊಲೆಯ ಕಾರಣವೂ ಸುಳಿವೂ ಊರಿನಿಂದಲೇ ಹುಟ್ಟಬೇಕು. ಬ್ಯಾಡಗಿಯನ್ನೇ ನೋಡಿ. ಅಲ್ಲಿಯ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಬೇರೆ ಕಡೆಯ ಕಾಯಿ ಬೆರೆಸಿ ಬ್ಯಾಡಗಿ ಅಂತ ಮಾರುತ್ತಾರೆ ಅನ್ನೋದು ಹಳೇ ದೂರು. ಚೀಲ ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಕೊಂದವನು ಹೆಣವನ್ನು ಅಲ್ಲೇ ಬಚ್ಚಿಟ್ಟ ಅಂದುಕೊಳ್ಳಿ. ಆ ತಂಪಿನಲ್ಲಿ ಹೆಣ ಬೇಗ ಕೊಳೆಯೋದಿಲ್ಲ, ಸತ್ತ ಹೊತ್ತು ಹೇಳೋದು ವೈದ್ಯರಿಗೂ ಕಷ್ಟ. ಘಾಟಿನಲ್ಲಿ ವಾಸನೆ ಗೊತ್ತಾಗೋದಿಲ್ಲ. ಚೀಲ ಯಾವ ದಿನ ಯಾವ ಸಾಲಿಗೆ ಹೋಯಿತು ಅನ್ನೋದು ಹಮಾಲನಿಗೆ ಮಾತ್ರ ನೆನಪು. 2024ರ ಮಾರ್ಚಿನಲ್ಲಿ ದರ ಬಿದ್ದಾಗ ಅದೇ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಅಲ್ಲಿ ಸಿಟ್ಟೂ ಇದೆ, ದುಡ್ಡೂ ಇದೆ. ಈ ಕಥೆಯನ್ನು ಎತ್ತಿ ಇನ್ನೊಂದು ಊರಿನಲ್ಲಿ ಇಡೋಕಾಗೋದಿಲ್ಲ, ಅಲ್ವಾ?

ಒಂದು ಎಚ್ಚರವನ್ನೂ ಹೇಳಲೇಬೇಕು. 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ದಿನದ ನಂತರ ಈ ಊರಿನಲ್ಲಿ ಕೊಲೆಯ ಬಗ್ಗೆ ಬರೆಯುವವರ ಹೊಣೆ ದೊಡ್ಡದಾಗಿದೆ. ಸತ್ತವರು ಬರೀ ಒಗಟಿನ ಒಂದು ತುಂಡಾಗಬಾರದು.

ಪ್ರಚಾರದ ವಿಷಯಕ್ಕೆ ಬಂದರೆ, ನಮ್ಮ ಬಿಡುಗಡೆ ಸಮಾರಂಭಗಳೇ ಪತ್ತೇದಾರಿ ಪುಸ್ತಕಕ್ಕೆ ದೊಡ್ಡ ಪೆಟ್ಟು. ಮುಖ್ಯ ಅತಿಥಿಗಳು ಪ್ರೀತಿಯಿಂದಲೇ ಇಡೀ ಕಥೆ ಹೇಳಿ ಕೊಲೆಗಾರನ ಮನಸ್ಸನ್ನೂ ವಿಶ್ಲೇಷಿಸಿ ಕೂರುತ್ತಾರೆ. ಮುನ್ನುಡಿಯಲ್ಲೂ ಅದೇ. ಅತಿಥಿಗಳಿಗೆ ಮೊದಲೇ ಹೇಳಿಬಿಡೋದು ಒಳ್ಳೆಯದು: ಮೂರನೇ ಅಧ್ಯಾಯದ ಆಚೆ ಮಾತಾಡಬೇಡಿ. ಮುನ್ನುಡಿಯನ್ನು ಹಿನ್ನುಡಿ ಮಾಡಿದರೂ ಆಯಿತು.

ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಬೆಲೆ ಪುಟದ ಲೆಕ್ಕದಲ್ಲಿ. ಅದನ್ನೇ ನಂಬಿದರೆ ಕಥೆ ಹಿಗ್ಗುತ್ತದೆ, ಬಿಗಿ ಹೋಗುತ್ತದೆ. ಅದಕ್ಕಿಂತ ಮುಂಗಡ ಬುಕಿಂಗ್ ಮೇಲು. ವಾಟ್ಸ್‌ಆ್ಯಪ್‌ನಲ್ಲಿ ಮೊದಲ ಅಧ್ಯಾಯ ಕಳಿಸಿ, ಫೋನ್‌ಪೇಯಲ್ಲಿ ದುಡ್ಡು ತಗೊಂಡು, ಬಂದಷ್ಟು ಬೇಡಿಕೆಗೆ ಇನ್ನೂರು-ಮುನ್ನೂರು ಪ್ರತಿ ಡಿಜಿಟಲ್ ಅಚ್ಚು ಹಾಕಿಸಬಹುದು. ಮನೋಹರ ಗ್ರಂಥಮಾಲೆಯ ಚಂದಾದಾರರ ಕ್ರಮವೇ ಅದು, ಅಂಚೆ ಬದಲು ಮೊಬೈಲ್ ಅಷ್ಟೇ. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕಂತು ಕಂತಾಗಿ ಬರೆಯುವವರಿಗೆ ಇನ್ನೊಂದು ಲಾಭ. ಓದುಗರು ಕೊಲೆಗಾರನನ್ನು ಯಾವ ಕಂತಿನಲ್ಲಿ ಊಹಿಸಿದರು ಅಂತ ಕಾಮೆಂಟಿನಲ್ಲೇ ಗೊತ್ತಾಗುತ್ತದೆ.

ಇನ್ನೂ ಬಾಕಿ ಇರೋದು ಕಥೆ ನಡೆದ ಊರಿಗೇ ಪುಸ್ತಕ ಒಯ್ಯುವ ಕೆಲಸ. ಬ್ಯಾಡಗಿಯ ಕಥೆ ಮೊದಲು ಮಾರಾಟವಾಗಬೇಕಾದ್ದು ಬ್ಯಾಡಗಿಯ ದಲಾಲಿ ಅಂಗಡಿಗಳ ಸಾಲಿನಲ್ಲಿ, ಮೆಣಸಿನಕಾಯಿ ಸೀಜನ್ನಿನಲ್ಲಿ, ಲೇಖಕರೇ ಕೈಯಾರೆ ಕೊಟ್ಟು.